ಹನ್ನೊಂದು ಮಕ್ಕಳ ಶಾಲೆ

ತೀರ್ಥಹಳ್ಳಿಯಿಂದ ಕೊಪ್ಪದ ಕಡೆಗೆ ಹೋಗುವ ದಾರಿಯಲ್ಲಿ, ಡಾಂಬರು ಬಿಟ್ಟು ಮಣ್ಣಿಗೆ ಇಳಿದ ಮೇಲೆ ಸಿಗುವ ಒಂದು ಊರು. 2025ರ ಡಿಸೆಂಬರಿನ ಒಂದು ರಾತ್ರಿ, ಅಡಿಕೆ ಸುಲಿತ. ಸುತ್ತಲಿನ ಹೆಚ್ಚಿನ ಮನೆಗಳಿಗೆ ಸುಲಿಯುವ ಯಂತ್ರ ಬಂದಿದೆ. ಈ ಮನೆಯ ತೋಟ ಸಣ್ಣದು, ಮೆಟ್ಟುಗತ್ತಿ ಇನ್ನೂ ನಿವೃತ್ತಿ ಆಗಿಲ್ಲ. ನಾನು ನೆಂಟನಾಗಿ ಹೋದವನು, ಉಮೇದಿನಿಂದ ಸುಲಿಯಲು ಕೂತು ಹೆಬ್ಬೆರಳು ಕೊಯ್ದುಕೊಂಡೆ. ಆಮೇಲೆ ಕೇಳುವ ಕೆಲಸ ಮಾತ್ರ ಉಳಿಯಿತು.

ಮಾತಾಡುತ್ತಿದ್ದವರು ಇಬ್ಬರು. ಒಬ್ಬರು ಮೂವತ್ತೇಳು ವರ್ಷ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಕಲಿಸಿ ನಿವೃತ್ತರಾದ ಮೇಷ್ಟ್ರು. ಇನ್ನೊಬ್ಬ ಅವರ ತಮ್ಮನ ಮಗ; 2020ರ ಲಾಕ್‌ಡೌನಿನಲ್ಲಿ ಲ್ಯಾಪ್‌ಟಾಪು ಹಿಡಿದು ಬೆಂಗಳೂರಿನಿಂದ ಬಂದವನು, ಹಿಂದಿರುಗಲೇ ಇಲ್ಲ. ಅವನ ಮಗಳು ಬರುವ ಜೂನಿಗೆ ಒಂದನೇ ತರಗತಿ. ಊರ ಶಾಲೆಯೋ, ಪೇಟೆಗೆ ಹೋಗುವ ಹಳದಿ ವ್ಯಾನೋ ಎಂಬುದು ಆ ರಾತ್ರಿಯ ವಿಷಯ. ಸರ್ಕಾರಿ ಶಾಲೆಯ ಪರ ಮೇಷ್ಟ್ರು ವಾದಿಸುತ್ತಾರೆ ಎಂದು ನಾನು ಅಂದುಕೊಂಡಿದ್ದೆ. ಆದದ್ದು ತಿರುವು ಮುರುವು.

ಮೇಷ್ಟ್ರು: ನಿಂಗೆ ಎಂಥ ಹುಚ್ಚು ಮಾರಾಯ? ಹನ್ನೊಂದು ಮಕ್ಕಳು, ಐದು ಕ್ಲಾಸು. ನಾಲ್ಕನೇ ಕ್ಲಾಸಲ್ಲಿ ಒಬ್ಬನೇ ಹುಡುಗ. ಫಸ್ಟೂ ಅವನೇ, ಲಾಸ್ಟೂ ಅವನೇ.

ತಮ್ಮನ ಮಗ: ನಂಗೆ ಬೇಕಾಗಿರೋದೇ ಅದು ದೊಡ್ಡಪ್ಪ. ಪೇಟೆ ಶಾಲೇಲಿ ಒಂದೊಂದು ಸೆಕ್ಷನ್ನಿಗೂ ನಲವತ್ತರ ಮೇಲೆ. ಟೀಚರಿಗೆ ನನ್ನ ಮಗಳ ಹೆಸರು ಬಾಯಿಗೆ ಬರೋ ಹೊತ್ತಿಗೆ ದಸರಾ ರಜೆ. ಇಲ್ಲಿ ಹನ್ನೊಂದು ಮಕ್ಕಳಿಗೆ ಇಬ್ಬರು ಟೀಚರು.

ಮೇಷ್ಟ್ರು: ಹಾಜರಿ ಪುಸ್ತಕದಲ್ಲಿ ಇಬ್ಬರು. ಒಬ್ಬರನ್ನ ನಿಯೋಜನೆ ಮೇಲೆ ಬೇರೆ ಶಾಲೆಗೆ ಕಳಿಸಿ ಒಂದೂವರೆ ವರ್ಷ ಆಯ್ತು. ಇರೋದು ಆ ಟೀಚರಮ್ಮ ಒಬ್ಬಳೇ. ಅವಳು ಮೀಟಿಂಗಿಗೆ ಹೋದ ದಿವಸ ಬಿಸಿಯೂಟದ ಅಡುಗೆಯವಳೇ ಹೆಡ್‌ಮಿಸ್ಸು.

ತಮ್ಮನ ಮಗ: ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಅರವತ್ತು ಮಕ್ಕಳ ತನಕ ಇಬ್ಬರು ಇರಲೇಬೇಕು ಅಂತಿದೆ. ಕೇಳಿ ಪಡೀಬೇಕು ನಾವು.

ಮೇಷ್ಟ್ರು: ಜನಗಣತಿ, ಚುನಾವಣೆ, ವಿಪತ್ತು ಪರಿಹಾರ, ಈ ಮೂರು ಬಿಟ್ಟು ಬೇರೆ ಕೆಲಸಕ್ಕೆ ಮೇಷ್ಟ್ರನ್ನ ಹಾಕಬಾರದು ಅಂತಲೂ ಅದೇ ಕಾಯ್ದೆ ಹೇಳ್ತದೆ. ಈ ವರ್ಷ ದಸರಾದಲ್ಲಿ ಎಂತಾಯ್ತು? ಸಮೀಕ್ಷೆ ಅಂತ ಮನೆಮನೆ ತಿರುಗಿದ್ದು ಯಾರು? ನೆಟ್‌ವರ್ಕ್ ಹುಡುಕ್ತಾ ಆ ಟೀಚರಮ್ಮ ನಮ್ಮ ಗುಡ್ಡ ಹತ್ತಿದ್ದನ್ನ ನಾನೇ ನೋಡಿದೀನಿ. ರಜೆ ಅಕ್ಟೋಬರ್ 18ರ ತನಕ ಎಳೀತು.

ತಮ್ಮನ ಮಗ: ಆ ಕೆಲಸ ದೊಡ್ಡ ಶಾಲೆಯವರಿಗೂ ಬಂತಲ್ಲ.

ಮೇಷ್ಟ್ರು: ಬಂತು. ಆದ್ರೆ ಅಲ್ಲಿ ಒಬ್ಬ ಎದ್ದು ಹೋದ್ರೆ ಪಕ್ಕದ ಕ್ಲಾಸಿನವನು ಒಂದು ಕಣ್ಣಿಟ್ಟಿರ್ತಾನೆ. ಇಲ್ಲಿ ಒಬ್ಬಳು ಎದ್ದು ಹೋದ್ರೆ ಶಾಲೆಯೇ ಎದ್ದು ಹೋದ ಹಾಗೆ. ನಿಂಗೆ ಸಣ್ಣ ಶಾಲೆ ಅಂದ್ರೆ ಸಣ್ಣ ಗುಂಪು. ನಂಗೆ ಸಣ್ಣ ಶಾಲೆ ಅಂದ್ರೆ ಒಂದೇ ಕಂಬದ ಮನೆ.

ತಮ್ಮನ ಮಗನ ಕೈ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಅವನು ನಲಿಕಲಿಯನ್ನು ಎಳೆದು ತಂದ.

ತಮ್ಮನ ಮಗ: ಒಬ್ಬ ಟೀಚರು ಮೂರು ಕ್ಲಾಸನ್ನ ಒಟ್ಟಿಗೆ ನಡೆಸಲಿ ಅಂತಲೇ ಅಲ್ವಾ ನಲಿಕಲಿ ಹುಟ್ಟಿದ್ದು? 1995ರಲ್ಲಿ ಎಚ್.ಡಿ. ಕೋಟೆಯಲ್ಲಿ, ಕಾಡಂಚಿನ ಇಂಥದೇ ಶಾಲೆಗಳಲ್ಲಿ. ಅಲ್ಲಿನ ಮೇಷ್ಟ್ರುಗಳೇ ರಿಷಿವ್ಯಾಲಿಗೆ ಹೋಗಿ ನೋಡಿಬಂದು ಕಟ್ಟಿದ್ದು. ಮಗು ಒಂದೊಂದು ಮೆಟ್ಟಿಲನ್ನೂ ತನ್ನದೇ ವೇಗದಲ್ಲಿ ಹತ್ತಬೇಕು. ಪೇಟೆಯ ಯಾವ ಕಾನ್ವೆಂಟಲ್ಲಿ ಹೀಗುಂಟು?

ಮೇಷ್ಟ್ರು: 2009ರಲ್ಲಿ ಅದು ರಾಜ್ಯಕ್ಕೆಲ್ಲ ಬಂದಾಗ ತಲೆ ಮೇಲೆ ದಾರ ಕಟ್ಟಿ ಕಲಿಕಾ ಚಪ್ಪರ ಹಾಕಿದವನು ನಾನು. ನಂಗೇ ನಲಿಕಲಿ ಹೇಳಕ್ಕೆ ಬರ್ತೀಯ? ಅ ಆ ಇ ಈ ಬಿಟ್ಟು ರ ಗ ಸ ದ ಅ ಅಂತ ಶುರು ಮಾಡಿ ಅಂದ್ರು. ಊರವರು ಬೈದ್ರು. ಮಗುವಿಗೆ ಅಕ್ಷರಮಾಲೆಯೇ ಗೊತ್ತಿಲ್ಲ, ಈ ಮೇಷ್ಟ್ರಿಗೆ ಎಂತ ಬಂತು ಅಂತ.

ತಮ್ಮನ ಮಗ: ನೀವೂ ಬೈದ್ರಿ?

ಮೇಷ್ಟ್ರು: ಒಂದು ವಾರ ಬೈದೆ. ಆಮೇಲೆ ಒಂದು ಹುಡುಗಿ, ಐದೇ ಅಕ್ಷರ ಕಲಿತವಳು, ತಾನೇ ಕೂಡಿಸಿ ಕೂಡಿಸಿ ಓದಿದ್ಲು. ಸರ. ಅಗಸ. ಅರಸ. ದಸರ. ಗರಗಸ. ನಮ್ಮ ಕಾಲದಲ್ಲಿ ಐವತ್ತು ಅಕ್ಷರ ಬಾಯಿಪಾಠ ಆಗೋ ತನಕ ಒಂದು ಶಬ್ದ ಓದಕ್ಕೆ ಬಿಡ್ತಿರಲಿಲ್ಲ. ಅವತ್ತು ಬೈಯೋದು ಬಿಟ್ಟೆ. ಇನ್ನೊಂದು ಗುಣವೂ ಉಂಟು ಅದಕ್ಕೆ. ಕೊಯ್ಲಲ್ಲಿ ಹದಿನೈದು ದಿವಸ ತಪ್ಪಿಸಿಕೊಂಡ ಮಗು ತಿರುಗಿ ಬಂದ್ರೆ, ಬಿಟ್ಟ ಮೆಟ್ಟಿಲಿಂದಲೇ ಹತ್ತತದೆ. ಪಾಠ ಮುಂದೆ ಹೋಯ್ತು, ನೀನು ಹಿಂದೆ ಬಿದ್ದೆ ಅಂತ ಇಲ್ಲ.

ತಮ್ಮನ ಮಗ: ಮತ್ತೆ? ನನ್ನ ಮಾತನ್ನ ನೀವೇ ಹೇಳಿದ ಹಾಗಾಯ್ತು.

ಮೇಷ್ಟ್ರು: ಏಣಿ ಒಳ್ಳೇದೇ. ಹತ್ತುವಾಗ ಕೆಳಗೆ ಒಬ್ಬರು ಹಿಡ್ಕೊಂಡಿರಬೇಕು. ಅಲ್ಲದೆ ಆ ಏಣಿ ಇರೋದು ಮೂರನೇ ಕ್ಲಾಸಿನ ತನಕ. ನಾಲ್ಕು, ಐದರ ಹುಡುಗರು ಪುಸ್ತಕ ಹಿಡ್ಕೊಂಡು ಮೂಲೇಲಿ ಕೂತಿರ್ತಾರೆ, ಟೀಚರಮ್ಮ ಸಣ್ಣವರ ಕಾರ್ಡು ಹಂಚಿ ಮುಗಿಸಿ ಬರ್ಲಿ ಅಂತ. ಬೇಕಾದ್ರೆ ನೋಡು ಈಗ. ಏ ಹುಡುಗ, ಬಾ ಇಲ್ಲಿ.

ಕರೆದದ್ದು ನಾಲ್ಕನೇ ತರಗತಿಯ ಆ ಏಕಮಾತ್ರ ವಿದ್ಯಾರ್ಥಿಯನ್ನು. ಅವನ ತಾಯಿ ಅಲ್ಲೇ ಮೆಟ್ಟುಗತ್ತಿಯ ಮುಂದೆ ಇದ್ದಳು. ಹುಡುಗ ಸುಲಿದ ಅಡಿಕೆಯನ್ನು ಡಬ್ಬದಲ್ಲಿ ಅಳೆದು ಹಂಡೆಯ ಹತ್ತಿರ ಸುರಿಯುತ್ತಿದ್ದ. ಮೇಷ್ಟ್ರು ಅವತ್ತಿನ ಪೇಪರಿನಿಂದ ಅಡಿಕೆ ಧಾರಣೆಯ ಅಂಕಣ ತೆಗೆದುಕೊಟ್ಟು ಓದು ಎಂದರು. ರಾಶಿ, ಬೆಟ್ಟೆ, ಸರಕು, ಗೊರಬಲು, ಎಲ್ಲ ನೀರಿಳಿದ ಹಾಗೆ ಓದಿದ. ಕನಿಷ್ಠ, ಗರಿಷ್ಠ ಬಂದಾಗ ಷಕಾರದ ಕೆಳಗಿನ ಒತ್ತನ್ನು ನೋಡಿ ತಡೆದ. ತುಟಿಯಲ್ಲೇ ಎರಡು ಸಲ ಅಂದುಕೊಂಡು ದಾಟಿದ. ತಪ್ಪೇನೂ ಇರಲಿಲ್ಲ. ಅವನ ತಾಯಿ ತಲೆ ಎತ್ತಲಿಲ್ಲ, ಕೈ ಮಾತ್ರ ನಿಧಾನವಾಗಿತ್ತು. ಆಮೇಲೆ ಮೇಷ್ಟ್ರು ಪೇಪರಿನ ಅಂಚಿನಲ್ಲಿ 402ರಲ್ಲಿ 178 ಕಳೆ ಎಂದು ಬರೆದುಕೊಟ್ಟರು. ಹುಡುಗ 376 ಎಂದು ಬರೆದ.

ಮೇಷ್ಟ್ರು: ನೋಡು. ಎಂಟರಲ್ಲಿ ಎರಡು ಕಳೆದ, ಏಳರಲ್ಲಿ ಸೊನ್ನೆ ಕಳೆದ, ನಾಲ್ಕರಲ್ಲಿ ಒಂದು ಕಳೆದ. ಮೇಲೆ ಕೆಳಗೆ ನೋಡದೆ ದೊಡ್ಡದರಲ್ಲಿ ಸಣ್ಣದು ಕಳೀತಾನೆ. ದಶಕದಿಂದ ಸಾಲ ತಗೊಳ್ಳೋದು ಅವನಿಗೆ ಯಾರೂ ಕೂರಿಸಿಕೊಂಡು ಹೇಳಿಲ್ಲ. ಮೂರನೇ ಕ್ಲಾಸಿನ ಕೆಲಸ ಇದು. ಇದು ಹನ್ನೊಂದು ಮಕ್ಕಳ ಶಾಲೆಯ ಗುಣಮಟ್ಟ.

ತಮ್ಮನ ಮಗ: ಅಮ್ಮಂದು ಏಳೂವರೆ ಡಬ್ಬ ಆಯ್ತಲ್ಲ, ದುಡ್ಡೆಷ್ಟು?

ಹುಡುಗ ಮೇಲೆ ಎಲ್ಲೋ ಬೆಳಕಿನ ಕಡೆ ನೋಡಿ, ಕಾಗದ ಮುಟ್ಟದೆ, ಸರಿಯಾದ ಮೊತ್ತ ಹೇಳಿದ. ಮೊನ್ನೆ ತಗೊಂಡ ಮುಂಗಡ ಕಳೆದು ಎಷ್ಟು ಬರಬೇಕು ಎಂಬುದನ್ನೂ, ಯಾರೂ ಕೇಳದೆ ಹೇಳಿದ.

ತಮ್ಮನ ಮಗ: ಬಾಯಲ್ಲಿ ಸಾಲ ತಗೊಂಡು ಕಳೆಯಕ್ಕೆ ಬರ್ತದೆ ಅವನಿಗೆ. ಕೋಲ್ಕತ್ತ, ದೆಹಲಿಯ ಸಂತೆಯಲ್ಲಿ ವ್ಯಾಪಾರ ಮಾಡೋ ಮಕ್ಕಳ ಮೇಲೆ ಒಂದು ಅಧ್ಯಯನ ಬಂತು ಈ ವರ್ಷ, ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಅವರದ್ದು. ಅಲ್ಲೂ ಇದೇ ಕತೆ. ತಕ್ಕಡಿ ಮುಂದೆ ಬರೋ ಲೆಕ್ಕ ಕಾಗದದ ಮೇಲೆ ಬರಲ್ಲ. ಶಾಲೆಯಲ್ಲಿ ಮಾತ್ರ ಲೆಕ್ಕ ಕಲಿತ ಮಕ್ಕಳಿಗೆ ಸಂತೆ ಲೆಕ್ಕ ಬರಲ್ಲ.

ಮೇಷ್ಟ್ರು: ಅದಕ್ಕೇ ಅಲ್ವಾ ಶಾಲೆ ಇರೋದು? ಬಾಯಲ್ಲಿರೋದನ್ನ ಕಾಗದಕ್ಕೆ ಇಳಿಸಕ್ಕೆ. ಅದಿಲ್ಲದಿದ್ರೆ ಅವನು ಡಬ್ಬ ಎಣಿಸ್ತಾನೇ ಇರಬೇಕಾಗ್ತದೆ. ನಿಂಗೆ ಅವನ ಬಾಯಿಲೆಕ್ಕ ಕೇಳಿ ಖುಷಿಯಾಯ್ತು. ನಂಗೆ ಕೇಳಿ ಬೇಜಾರಾಯ್ತು.

ಈ ಮಾತಿಗೆ ಉತ್ತರ ಬರಲಿಲ್ಲ. ನನಗೂ ಹೊಳೆಯಲಿಲ್ಲ. ಗುಣಮಟ್ಟ ಎನ್ನುವ ಶಬ್ದವನ್ನು ಪತ್ರಿಕೆಯವರು ನಾವು ಡಬ್ಬದಲ್ಲಿ ಅಳೆಯುವ ಹಾಗೆ ಬಳಸುತ್ತೇವೆ. ಒಂದೇ ಹುಡುಗನಲ್ಲಿ ಅದು ಹೀಗೆ ಎರಡು ತುಂಡಾಗಿ ಬಿದ್ದದ್ದನ್ನು ಹತ್ತಿರದಿಂದ ಕಂಡದ್ದು ಕಡಿಮೆ.

ತಮ್ಮನ ಮಗ: ಸರಿ, ವ್ಯಾನಲ್ಲಿ ಹೋಗೋ ನಿಮ್ಮ ಮೊಮ್ಮಗನ್ನ ಕರೀರಿ. ಅವನೂ ನಾಲ್ಕನೇ ಕ್ಲಾಸೇ.

ಮೇಷ್ಟ್ರು: ಅವನು ಮಲಗಿದಾನೆ. ಬೆಳಿಗ್ಗೆ ಏಳೂ ಕಾಲಿಗೆ ವ್ಯಾನು.

ತಮ್ಮನ ಮಗ: ಎಂಟು ಗಂಟೆ ರಾತ್ರಿಗೆ ಮಲಗಿದಾನೆ. ಅದೂ ಗುಣಮಟ್ಟವೇ. ಹದಿನಾಲ್ಕು ಕಿಲೋಮೀಟರು, ಹೋಗ್ತಾ ಬರ್ತಾ. ವಾರದಲ್ಲಿ ಎರಡು ದಿವಸ ವಾಂತಿ. ಮೊನ್ನೆ ನಾನು ಅವನ ಇಂಗ್ಲಿಷ್ ಪುಸ್ತಕ ಓದಿಸಿದೆ. ಮಳೆಗಾಲದ ಮೇಲೆ ಒಂದು ಪಾಠ, ಎಲ್ಲೂ ತಡೀದೆ ಓದಿದ. ಮಾನ್ಸೂನ್ ಅಂದ್ರೆ ಎಂತ ಅಂತ ಕೇಳಿದೆ. ಗೊತ್ತಿಲ್ಲ ಅಂದ. ಮಲೆನಾಡಲ್ಲಿ ಹುಟ್ಟಿದ ಹುಡುಗ ದೊಡ್ಡಪ್ಪ, ನಾಲ್ಕು ತಿಂಗಳು ಮಳೆಯಲ್ಲೇ ನೆನೀತಾನೆ, ಅವನಿಗೆ ಪುಸ್ತಕದ ಮಳೆ ಗೊತ್ತಾಗಿಲ್ಲ.

ಮೇಷ್ಟ್ರು: 402ರಲ್ಲಿ 178 ಕಳೀತಾನೆ.

ತಮ್ಮನ ಮಗ: ಕಳೀತಾನೆ, ಒಪ್ಪಿದೆ. ಟ್ಯೂಶನ್ನಿಗೂ ಹೋಗ್ತಾನೆ. ಆ ಟ್ಯೂಶನ್ ಮನೇಲಿ ಯಾರು? ನೀವೇ.

ಸುಲಿಯುತ್ತಿದ್ದವರೆಲ್ಲ ನಕ್ಕರು. ಮೇಷ್ಟ್ರೂ ನಕ್ಕರು, ಆದರೆ ಬಿಡಲಿಲ್ಲ.

ಮೇಷ್ಟ್ರು: ಲೆಕ್ಕಾಚಾರದ ಮಾತಾಡಾಣ. 2022ರಲ್ಲಿ ಅಸರ್ ಸಮೀಕ್ಷೆಯವರು ಹಳ್ಳಿ ಹಳ್ಳಿ ಸುತ್ತಿ ಮಕ್ಕಳನ್ನ ಓದಿಸಿದ್ರಲ್ಲ. ದೇಶದಲ್ಲಿ ಐದನೇ ಕ್ಲಾಸಿನ ನೂರು ಮಕ್ಕಳಲ್ಲಿ ಎರಡನೇ ಕ್ಲಾಸಿನ ಪಾಠ ಓದಕ್ಕೆ ಬಂದಿದ್ದು ಹತ್ತಿರ ಹತ್ತಿರ 43 ಮಕ್ಕಳಿಗೆ. ಕೋವಿಡ್‌ಗಿಂತ ಮುಂಚೆ, 2018ರಲ್ಲಿ ಅದು ಸುಮಾರು 50.

ತಮ್ಮನ ಮಗ: ಆ ನೂರರಲ್ಲಿ ಹಳ್ಳಿಯ ಖಾಸಗಿ ಶಾಲೆ ಮಕ್ಕಳೂ ಇದಾರೆ. ಅವರು ಮನೆಗೆ ಬಂದು ಓದಿಸೋದು, ಶಾಲೆ ನೋಡಿ ಅಲ್ಲ. ಅಂದ್ರೆ ಶುಲ್ಕ ಕಟ್ಟಿದ ಕೂಡಲೇ ಓದು ಬರಲ್ಲ ಅಂತಾಯ್ತು. ಅಲ್ಲದೆ ಮಗು ಮನೆಮಾತಲ್ಲಿ ಕಲಿತ್ರೆ...

ಮೇಷ್ಟ್ರು: ಮನೆಮಾತು ಅಂದ್ಯಾ? ಹನ್ನೊಂದರಲ್ಲಿ ಎರಡು ಮಕ್ಕಳು ಎಸ್ಟೇಟಿನ ಅಸ್ಸಾಮಿನವರದ್ದು. ಅವಕ್ಕೆ ಕನ್ನಡ ಮನೆಮಾತಾ? ನಿನ್ನ ಮಗಳು ವಾರದ ರಜೆಗೆ ಬೆಂಗಳೂರಿಗೆ ಹೋದಾಗ ಕಸಿನ್‌ಗಳ ಜೊತೆ ಯಾವ ಭಾಷೆ ಮಾತಾಡ್ತಾಳೆ? 2014ರಲ್ಲಿ ಸುಪ್ರೀಂ ಕೋರ್ಟೇ ಹೇಳ್ತು, ಪ್ರಾಥಮಿಕದಲ್ಲಿ ಮಾತೃಭಾಷೆಯಲ್ಲೇ ಕಲೀಬೇಕು ಅಂತ ಸರ್ಕಾರ ಒತ್ತಾಯ ಮಾಡೋ ಹಾಗಿಲ್ಲ ಅಂತ. ಆ ತೀರ್ಪು ಬಂದ ದಿವಸ ನಾನು ಊಟ ಬಿಟ್ಟಿದ್ದೆ. ಈಗ ಅನಿಸ್ತದೆ, ನಮ್ಮ ಹಠದಲ್ಲೂ ಏನೋ ತಪ್ಪಿತ್ತು. ಇಂಗ್ಲಿಷನ್ನ ಚೆನ್ನಾಗಿ ಕಲಿಸಿದ್ದಿದ್ರೆ ಕನ್ನಡ ಶಾಲೆ ಬಿಟ್ಟು ಯಾರೂ ಹೋಗ್ತಿರಲಿಲ್ಲ. 2007ರಿಂದ ಒಂದನೇ ಕ್ಲಾಸಿಂದಲೇ ಇಂಗ್ಲಿಷ್ ಒಂದು ವಿಷಯ ಅಂತ ಮಾಡಿದ್ರು. ನಮಗೊಂದು ತರಬೇತಿ ಕೊಟ್ಟು ಕಳಿಸಿದ್ರು. ನಾನು ಇಂಗ್ಲಿಷನ್ನ ಶುದ್ಧ ಕನ್ನಡದಲ್ಲಿ ಕಲಿಸಿದೆ.

ತಮ್ಮನ ಮಗ: ಆ ಅಸ್ಸಾಮಿನ ಮಕ್ಕಳು ಮೂರೇ ತಿಂಗಳಲ್ಲಿ ಕನ್ನಡ ಮಾತಾಡಿದ್ವು. ಅದು ಆ ಟೀಚರಮ್ಮನ ಗುಣಮಟ್ಟ ಅಲ್ವಾ? ಇದೇ ದಾರೀಲಿ ಕುಪ್ಪಳಿ. ಕುವೆಂಪು ಅಕ್ಷರ ಕಲಿತದ್ದು ಮನೆಯಲ್ಲೇ, ಘಟ್ಟದ ಕೆಳಗಿಂದ ಬಂದ ಐಗಳ ಹತ್ರ. ಅಲ್ಲಿ ಎಷ್ಟು ಮಕ್ಕಳಿದ್ರು?

ಮೇಷ್ಟ್ರು: ಇಗೋ ಬಂತು ಕುವೆಂಪು. ನಮ್ಮ ತಾಲೂಕಲ್ಲಿ ಯಾವ ಶಾಲೆಯ ಹೆಂಚು ಹಾರಿಹೋದ್ರೂ ಭಾಷಣಕ್ಕೆ ಕುವೆಂಪು ಬರ್ತಾರೆ, ಹೆಂಚು ಮಾತ್ರ ಬರಲ್ಲ. ಅವರೂ ಆಮೇಲೆ ತೀರ್ಥಹಳ್ಳಿಗೆ, ಮೈಸೂರಿಗೆ ಹೋದ್ರಲ್ಲ ಮಾರಾಯ, ಮನೆ ಉಪ್ಪರಿಗೆಯಲ್ಲೇ ಕೂತಿದ್ರಾ?

ಇಷ್ಟು ಹೊತ್ತಿನ ತನಕ ಆ ಹುಡುಗನ ತಾಯಿ ಒಂದು ಮಾತೂ ಆಡಿರಲಿಲ್ಲ. ಹನ್ನೊಂದರಲ್ಲಿ ಎರಡು ಅವಳ ಮಕ್ಕಳು. ಶಾಲೆಯ ಮಾತಿನಲ್ಲಿ ನಿಜವಾದ ಪಾಲುದಾರಳು ಅವಳೇ ಎಂದು ಇಬ್ಬರಿಗೂ ಹೊಳೆದದ್ದು ಅವಳು ಬಾಯಿ ತೆರೆದಾಗಲೇ.

ಸುಲಿಯುವಾಕೆ: ನಂಗೊಂದು ಮಾತು ಮೇಷ್ಟ್ರೇ. ಇವರ ಕೂಸು ನಮ್ಮ ಶಾಲೆಗೆ ಬಂದ್ರೆ ಒಳ್ಳೇದಾ ಕೆಟ್ಟದಾ ಅಂತ ನಂಗೆ ಗೊತ್ತಾಗ್ತಿಲ್ಲ.

ತಮ್ಮನ ಮಗ: ಎಂತಕ್ಕೆ? ನಾನು ಎಸ್‌ಡಿಎಂಸಿಗೆ ಬರ್ತೀನಿ. ಇಬ್ಬರು ಟೀಚರು ಬೇಕು ಅಂತ ಬಿಇಒ ಆಫೀಸಿಗೆ ಹೋಗ್ತೀನಿ. ನಿಮ್ಮ ಮಕ್ಕಳಿಗೂ ಒಳ್ಳೇದೇ ಅಲ್ವಾ?

ಸುಲಿಯುವಾಕೆ: ಹೌದು, ನೀವು ಕೇಳಿದ್ರೆ ಕೊಡಬಹುದು. ನಾನೂ ಎಸ್‌ಡಿಎಂಸಿ ಮೆಂಬರ್ರೇ, ಎರಡು ವರ್ಷ ಆಯ್ತು. ಪುಸ್ತಕಕ್ಕೆ ಸೈನ್ ಹಾಕಿ ಬಂದಿದೀನಿ. ಕೂಲಿ ಬಿಟ್ಟು ಹೋಗಬೇಕು. ಮಾತಾಡಕ್ಕೆ ಬಾಯಿ ಬರಲ್ಲ. ಆದ್ರೆ ನಿಮ್ಮ ಕೂಸು ಬಂದ್ರೆ ಟೀಚರು ನಿಮ್ಮ ಕೂಸನ್ನೇ ನೋಡ್ತಾರೆ ಅಂತ ಹೆದರಿಕೆ. ಈಗ ಹನ್ನೊಂದೂ ಒಂದೇ ನಮೂನೆ. ಟೀಚರಮ್ಮ ನನ್ನ ಮಗಳ ತಲೆ ಬಾಚ್ತಾರೆ.

ತಮ್ಮನ ಮಗ: ಹಂಗೆಲ್ಲ ಆಗಕ್ಕೆ ನಾನು ಬಿಡಲ್ಲ.

ಸುಲಿಯುವಾಕೆ: ನೀವು ಬಿಡಲ್ಲ. ಆದ್ರೂ ಆಗ್ತದೆ. ಇನ್ನೊಂದು ಹೇಳ್ತೀನಿ, ಬೇಜಾರು ಮಾಡ್ಕಳಬೇಡಿ. ನನ್ನ ಹತ್ರ ವ್ಯಾನಿನ ದುಡ್ಡು ಇದ್ದಿದ್ರೆ ನಾನೂ ಪೇಟೆಗೇ ಕಳಿಸ್ತಿದ್ದೆ. ನೀವು ಒಂದು ವರ್ಷ ನೋಡ್ತೀರಿ. ಸರಿಯಾಗದಿದ್ರೆ ತೆಗೆದು ವ್ಯಾನು ಹತ್ತಿಸ್ತೀರಿ. ನಂಗೆ ಅದಿಲ್ಲ. ಮಧ್ಯಾಹ್ನ ಬಿಸಿ ಊಟ ಆಗ್ತದೆ, ಹಾಲು, ಮೊಟ್ಟೆ ಕೊಡ್ತಾರೆ, ಕಾಲುಸಂಕ ದಾಟೋದು ಬೇಡ, ನಾನು ಬರೋ ತನಕ ಮಕ್ಕಳು ಹಾಳಾಗಲ್ಲ. ನಂಗೆ ಸದ್ಯಕ್ಕೆ ಗುಣ ಅಂದ್ರೆ ಅದೇ. ಮೇಷ್ಟ್ರು ಹೇಳಿದ ಕಳೆಯೋ ಲೆಕ್ಕ ಬರಬೇಕು ಅಂತ ಆಸೆ ನಂಗೂ ಉಂಟು.

ಮೇಷ್ಟ್ರು ಕೂತಲ್ಲೇ ಸರಿದು ಅವಳ ಮಗನ ಕಡೆ ನೋಡಿದರು. ಹುಡುಗ 376ರ ಮೇಲೆ ಗೀಟು ಎಳೆದು ಪೇಪರಿನ ಮೂಲೆಯಲ್ಲಿ ಇನ್ನೇನೋ ಬರೆಯುತ್ತಿದ್ದ.

ತಮ್ಮನ ಮಗ: ಒಂದು ಕೇಳ್ಲಾ ದೊಡ್ಡಪ್ಪ? ಅಣ್ಣನ್ನ ನೀವು ಎಲ್ಲಿಗೆ ಹಾಕಿದ್ರಿ?

ಮೇಷ್ಟ್ರು: ಪೇಟೆಗೆ. ಒಂದನೇ ಕ್ಲಾಸಿಂದ. ಊರಿಗೆಲ್ಲ ಗೊತ್ತಿರೋದೇ.

ತಮ್ಮನ ಮಗ: ನಿಮ್ಮ ಶಾಲೆ ಇಲ್ಲೇ ಇತ್ತು.

ಮೇಷ್ಟ್ರು: ಇತ್ತು. ಆಗ ಅರವತ್ತೆಂಟು ಮಕ್ಕಳು. ಯಾಕೆ ಹಾಕಲಿಲ್ಲ ಅಂದ್ರೆ, ವರ್ಷದಲ್ಲಿ ಎಷ್ಟು ದಿವಸ ನಾನು ಕ್ಲಾಸಲ್ಲಿ ಇರಲ್ಲ ಅನ್ನೋದು ನನ್ನೊಬ್ಬನಿಗೇ ಗೊತ್ತಿತ್ತು. ಹಾಜರಿಯಲ್ಲಿ ಇರ್ತಿದ್ದೆ. ಅಕ್ಕಿ ತೂಕ, ಕಟ್ಟಡದ ಬಿಲ್ಲು, ಮತದಾರರ ಪಟ್ಟಿ, ಮೀಟಿಂಗು. ಅದೆಲ್ಲ ಮುಗಿಸಿ ಉಳಿದ ಹೊತ್ತಲ್ಲಿ ಒಳ್ಳೇ ಮೇಷ್ಟ್ರಾಗಿದ್ದೆ, ಸುಳ್ಳಲ್ಲ. ಆ ಉಳಿದ ಹೊತ್ತು ನನ್ನ ಮಗನಿಗೆ ಸಾಲಲ್ಲ ಅಂತ ಲೆಕ್ಕ ಹಾಕಿದೆ. ಊರವರ ಮಕ್ಕಳಿಗೆ ಸಾಕು ಅಂದುಕೊಂಡೆ ಅಂತ ನೀನು ಹೇಳಬಹುದು. ಹೇಳು.

ತಮ್ಮನ ಮಗ: ನಾನು ಹೇಳಲ್ಲ. ಆದ್ರೆ ನೀವು ಅಣ್ಣನ್ನ ಪೇಟೆಗೆ ಕಳಿಸಿದ ವರ್ಷ ಇನ್ನೂ ನಾಲ್ಕು ಮನೆಯವರು ಕಳಿಸಿದ್ರು ಅಂತ ಅಪ್ಪ ಹೇಳ್ತಿದ್ರು. ಮೇಷ್ಟ್ರೇ ಕಳಿಸ್ತಾರೆ ಅಂದ್ಮೇಲೆ ನಾವ್ಯಾಕೆ ಇಲ್ಲಿ ಅಂತ. ಅರವತ್ತೆಂಟು ಹನ್ನೊಂದಾಗಿದ್ದು ಅಲ್ಲಿಂದ.

ಮೇಷ್ಟ್ರು: ಮನೆಗೊಂದೇ ಮಗು ಆಗಿದ್ದೂ ಹೌದು. ಊರಲ್ಲಿ ಮುದುಕರೇ ಉಳಿದಿದ್ದೂ ಹೌದು. ಎಲ್ಲ ನನ್ನ ತಲೆಗೇ ಕಟ್ಟಬೇಡ.

ತಮ್ಮನ ಮಗ: ಎಲ್ಲ ಕಟ್ಟಿಲ್ಲ.

ಮೇಷ್ಟ್ರು: ಕಟ್ಟಿದ್ದಷ್ಟು ಸರಿಯಾಗೇ ಉಂಟು. ಈಗ ನೀನು ಕೇಳು. ಆ ಟೀಚರಮ್ಮ ಒಳ್ಳೆಯವಳು, ತಲೆ ಬಾಚ್ತಾಳೆ, ಅಸ್ಸಾಮಿನ ಮಕ್ಕಳಿಗೆ ಕನ್ನಡ ಬರಿಸಿದಾಳೆ. ಅವಳ ಗಂಡ ಇರೋದು ದಾವಣಗೆರೆಯಲ್ಲಿ. ಕೌನ್ಸೆಲಿಂಗಲ್ಲಿ ಜಾಗ ಸಿಕ್ಕಿದ ದಿವಸ ಹೋಗ್ತಾಳೆ, ಹೋಗಲೂ ಬೇಕು. ನೀನು ಯಾವುದನ್ನ ಶಾಲೆಯ ಗುಣಮಟ್ಟ ಅಂತೀಯೋ ಅದೂ ಅವಳ ಜೊತೆಗೇ ವರ್ಗ ಆಗ್ತದೆ. ಆಮೇಲೆ ಬರೋನು ನನ್ನಂಥವನಾಗಿದ್ರೆ?

ತಮ್ಮನ ಮಗ: ನಿಮ್ಮಂಥವರಾಗಿದ್ರೆ ಪರವಾಗಿಲ್ಲ. ಆ ಹುಡುಗಿ ಗರಗಸ ಓದಿದ್ದು ನಿಮ್ಮ ಕ್ಲಾಸಲ್ಲೇ ಅಲ್ವಾ?

ಮೇಷ್ಟ್ರು: ಒಂದು ಹುಡುಗಿ. ಅಷ್ಟೂ ಮಕ್ಕಳಲ್ಲಿ ನಂಗೆ ನೆನಪಿರೋದು ಅವಳೊಬ್ಬಳು. ಉಳಿದವರೆಲ್ಲ ಓದಿದ್ರಾ ಅಂತ ಕೇಳು.

ಅವನು ಕೇಳಲಿಲ್ಲ. ಒಲೆಯ ಮೇಲಿನ ಹಂಡೆಯಲ್ಲಿ ಚೊಗರು ಕೆಂಪಾಗಿ ಕುದಿಯುತ್ತಿತ್ತು. ಯಾರೋ ಎದ್ದು ಸೌದೆ ಒಳಗೆ ತಳ್ಳಿದರು. ಅಡಿಕೆ ಸಿಪ್ಪೆಯ ರಾಶಿಯ ಪಕ್ಕ, ಗೋಣಿಯ ಮೇಲೆ ಮಲಗಿದ್ದ ಅವನ ಮಗಳು ಹೊಗೆಗೆ ಕೆಮ್ಮಿ ಎದ್ದು ಕೂತಳು. ಎಷ್ಟು ಕೇಳಿಸಿಕೊಂಡಿದ್ದಳೋ.

‘ಅಪ್ಪಾ, ಆ ಶಾಲೇಲಿ ಒಂದನೇ ಕ್ಲಾಸಲ್ಲಿ ಯಾರ್ಯಾರು ಇರ್ತಾರೆ?’

‘ನೀನು ಇರ್ತೀಯ ಪುಟ್ಟೀ.’

‘ಮತ್ತೆ?’

ಅವನು ಮೇಷ್ಟ್ರ ಕಡೆ ನೋಡಲಿಲ್ಲ, ಸುಲಿಯುವಾಕೆಯ ಕಡೆ ನೋಡಿದ. ಅವಳು ಬೆರಳಿನಲ್ಲಿ ಮನೆಮನೆಯ ಮಕ್ಕಳನ್ನು ಎಣಿಸಿದಳು, ಒಂದು ಬೆರಳು ಮಡಿಚಿ, ಮತ್ತೆ ಬಿಡಿಸಿ, ‘ಎಸ್ಟೇಟಿನವರದ್ದು ಒಂದು ಉಂಟು, ಅವರು ಜೂನಿನ ತನಕ ಇರ್ತಾರೋ ಇಲ್ವೋ’ ಎಂದಳು. ಮೇಷ್ಟ್ರಿಗೆ ಇದು ಗೆಲ್ಲುವ ಹೊತ್ತು. ಅವರು ಏನೂ ಹೇಳದೆ ಕನ್ನಡಕ ಸರಿಮಾಡಿಕೊಂಡು, ಹುಡುಗನ ಕೈಯಿಂದ ಪೇಪರು ತೆಗೆದುಕೊಂಡು, 402ರ ಮಧ್ಯದ ಸೊನ್ನೆಯ ಮೇಲೆ ಪೆನ್ನಿಟ್ಟರು.

‘ಇಲ್ಲಿ ನೋಡು. ಈ ಮನೇಲಿ ಕೊಡಕ್ಕೆ ಏನೂ ಇಲ್ಲ. ಅದಕ್ಕೆ ಅವನು ಆಚೆ ಮನೆಗೆ ಹೋಗಬೇಕು.’